ಕರೆಯದೆ ಹೋಗುವಂಥ ಮನೆ

ನಮ್ಮ ಮನೆಯ ಕರೆಗಂಟೆ ಕೋಗಿಲೆಯ ಹಾಗೆ ಕೂಗುತ್ತದೆ. ಹಾಗಂತ ಅಂಗಡಿಯವನು ಹೇಳಿದ್ದ. ಅದು ಕೂಗುವುದನ್ನು ನಾವು ಕೇಳಿದ್ದು ಕಡಿಮೆ, ಏಕೆಂದರೆ ಒತ್ತುವವರೇ ಇರಲಿಲ್ಲ. ಈ ಮನೆಗೆ ಬಂದ ಹೊಸತರಲ್ಲಿ, ಗಂಟೆಯೇ ಕೆಟ್ಟಿರಬೇಕು, ಪಾಪ ಯಾರೋ ಒತ್ತಿ ಒತ್ತಿ ಬೇಸತ್ತು ಹಿಂದಿರುಗಿರಬೇಕು ಎಂಬ ಅನುಮಾನ ಬಂದು ನಾನೇ ಆಗಾಗ ಹೊರಗೆ ಹೋಗಿ ಒತ್ತಿ ನೋಡುತ್ತಿದ್ದೆ. ಒಳಗಿನಿಂದ ನನ್ನ ಹೆಂಡತಿ ನೀಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಮುಖದ ತುಂಬ ನಗು ತಂದುಕೊಂಡು ಓಡಿಬಂದು ಬಾಗಿಲು ತೆಗೆಯುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಆ ನಗು ಇಳಿದುಹೋಗುತ್ತಿತ್ತು.

"ನೀವಾ?"

"ನಾನ. ಗಂಟಿ ಛಲೋ ಐತಿ."

"ಗಂಟಿಗೇನ್ ಧಾಡಿ ಆಗೈತ್ರಿ? ಒತ್ತೋ ಮಂದಿಗೆ ಧಾಡಿ ಆಗೈತಿ," ಎಂದು ಅವಳು ಒಳಗೆ ಹೋಗಿಬಿಡುತ್ತಿದ್ದಳು.

ಮೂರು ದಶಕ ಸಂಸಾರ ಮಾಡಿದವನನ್ನು ನೋಡಿ ಹೆಂಡತಿಯ ನಗು ಇಳಿಯಿತೆಂದು ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಅದು ಎಲ್ಲರ ಮನೆಯಲ್ಲೂ ಇರುವುದೇ. ಆದರೆ ಆ ನಗುವನ್ನು ಅವಳು ಯಾರಿಗಾಗಿ ತಂದುಕೊಂಡು ಓಡಿಬರುತ್ತಿದ್ದಳು ಎಂದು ಯೋಚಿಸಿದ ಮೇಲೆ ಮಾತ್ರ ಗಂಟೆ ಒತ್ತಿ ನೋಡುವುದನ್ನು ಬಿಟ್ಟುಬಿಟ್ಟೆ.

ನೀವು ಗೇಟು ಹಾಕಿದ ಲೇಔಟಿನಲ್ಲಿ ಇರುವವರಾದರೆ ನಿಮಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲದವರಿಗಾಗಿ ಹೇಳುತ್ತೇನೆ. ಬಾಗಲಕೋಟೆಯ ನವನಗರ ದಾಟಿ ಸ್ವಲ್ಪ ದೂರ ಹೋದರೆ ನಮ್ಮ ಲೇಔಟು ಸಿಗುತ್ತದೆ. ಅದಕ್ಕೊಂದು ಇಂಗ್ಲಿಷ್ ಹೆಸರಿದೆ. ಹೆಸರಿನಲ್ಲಿ ಹಸಿರೂ ಇದೆ, ಕಣಿವೆಯೂ ಇದೆ; ನೆಲದ ಮೇಲೆ ಇರುವುದು ಎರೆಮಣ್ಣಿನ ಬಯಲು, ಕುರಿ ತಿಂದು ಉಳಿದ ನಾಲ್ಕು ಬೇವಿನ ಸಸಿ. ಸುತ್ತ ಎತ್ತರದ ಗೋಡೆ, ಗೋಡೆಯ ಮೇಲೆ ತಂತಿ, ಮುಂದೆ ಗೇಟು, ಗೇಟಿಗೆ ಅಡ್ಡಲಾಗಿ ಕೆಂಪು ಬಿಳಿ ಬಣ್ಣದ ಒಂದು ಕಂಬ. ಆ ಕಂಬವನ್ನು ಎತ್ತಿ ಇಳಿಸುವವನು ಬೀರಪ್ಪ.

ಈ ಮನೆಯನ್ನು ನಾನು ಯಾಕೆ ಕೊಂಡೆ ಎಂದು ಕೇಳಿದವರಿಗೆ ನೀರು, ರಸ್ತೆ, ಗಾಳಿ ಅಂತ ಏನೇನೋ ಹೇಳುತ್ತೇನೆ. ನಿಜವಾದ ಕಾರಣ ಎರಡೇ. ನೋಡಲು ಬಂದ ದಿನ ಬೀರಪ್ಪ ನನಗೆ ಸಲಾಮು ಹೊಡೆದ. ಮತ್ತು ಒಳಗೆ ಒಂದೂ ನಾಯಿ ಕಾಣಲಿಲ್ಲ.

ಇದು ನಿಮಗೆ ಹುಡುಗಾಟ ಅನ್ನಿಸಬಹುದು. ಆದರೆ ನಾನು ಜೀವಮಾನವಿಡೀ ಹುನಗುಂದದಲ್ಲಿ ಕರೆಂಟಿನ ಮೀಟರ್ ಓದಿದ ಮನುಷ್ಯ. ಮೀಟರ್ ಓದುವವನಿಗೆ ಸಲಾಮು ಹೊಡೆಯುವವರು ಭೂಮಿಯ ಮೇಲೆ ಇಲ್ಲ. ಇನ್ನು ನಾಯಿಗಳ ವಿಷಯ ಕೇಳಲೇಬೇಡಿ. ನನ್ನ ಖಾಕಿ ಚೀಲ ಕಂಡರೆ ಹುನಗುಂದದ ನಾಯಿಗಳು ತಮ್ಮ ತಮ್ಮೊಳಗಿನ ಜಗಳ ಮರೆತು ಒಂದಾಗುತ್ತಿದ್ದವು. ನನ್ನ ಎಡ ಮೀನಖಂಡದಲ್ಲಿ ಅವುಗಳ ಒಗ್ಗಟ್ಟಿನ ಗುರುತು ಇವತ್ತಿಗೂ ಇದೆ.

ನಾಯಿಗಳನ್ನು ಬಿಟ್ಟರೆ ಆ ನೌಕರಿ ಸ್ವರ್ಗ. ಆಗೆಲ್ಲ ಮೀಟರು ಮನೆಯ ಒಳಗೆ ಇರುತ್ತಿತ್ತು. ಕೆಲವರ ಮನೆಯಲ್ಲಿ ಪಡಸಾಲೆಯ ಬಾಗಿಲ ಹಿಂದೆ, ಕೆಲವರಲ್ಲಿ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಗಳ ಮೇಲೆ. "ಮೀಟರ್ರೀ!" ಎಂದು ಒಂದು ಕೂಗು ಹಾಕಿದರೆ ಮುಗಿಯಿತು, ನಾನು ಒಳಗೆ. ಯಾರ ಮನೆಯಲ್ಲಿ ಪುಂಡಿಪಲ್ಲೆ, ಯಾರ ಮನೆಯಲ್ಲಿ ಬೀಗರ ಊಟ, ಯಾರ ಮನೆಯಲ್ಲಿ ಅತ್ತೆ ಸೊಸೆಗೆ ಮಾತಿಲ್ಲ, ಎಲ್ಲ ನನಗೆ ಗೊತ್ತು. "ಹ್ಯಾಂಗೂ ಮುಂದಿನ ಮನಿಗೆ ಹೊಂಟೀಯಲ್ಲಪಾ, ಈ ಜರಡಿ ಕೊಟ್ಟು ಬಿಡು," ಎಂದು ಕೈಗೆ ಜರಡಿ ಕೊಡುವರು. ಆ ಮನೆಯವರು ಜರಡಿ ಇಟ್ಟುಕೊಂಡು, "ಇದನ್ನ ಆಕಿಗೆ ಕೊಡು," ಎಂದು ಒಂದು ಹೋಳು ಕುಂಬಳಕಾಯಿ ಕೊಡುವರು. ನಾನು ಮೀಟರ್ ಓದಿದ್ದಕ್ಕಿಂತ ಜರಡಿ, ಕುಂಬಳಕಾಯಿ ಹೊತ್ತದ್ದೇ ಹೆಚ್ಚು. ಈಗಿನ ಲೇಔಟಿನಲ್ಲಿ ಎಲ್ಲರ ಮೀಟರುಗಳನ್ನೂ ಗೇಟಿನ ಪಕ್ಕದ ಒಂದೇ ಗೋಡೆಗೆ ಸಾಲಾಗಿ ಹೊಡೆದಿದ್ದಾರೆ. ಓದುವ ಹುಡುಗ ಬರುತ್ತಾನೆ, ನಿಂತಲ್ಲೇ ಎಲ್ಲ ಮುಗಿಸುತ್ತಾನೆ, ಹೋಗುತ್ತಾನೆ. ಅವನಿಗೆ ಒಂದು ಲೋಟ ನೀರು ಸಹ ಯಾರೂ ಕೊಡುವುದಿಲ್ಲ. ಪಾಪ, ನಾಯಿಯೂ ಕಚ್ಚುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಬಾದಾಮಿಯಲ್ಲಿ. ಕೆಂಪು ಕಲ್ಲಿನ ಮನೆ, ಮುಂದೆ ಕಟ್ಟೆ, ಕಟ್ಟೆಯ ಮೇಲೆ ಯಾವಾಗಲೂ ಯಾರಾದರೊಬ್ಬರು. ಅವರು ನಮ್ಮ ಮನೆಯವರೇ ಆಗಬೇಕೆಂದಿರಲಿಲ್ಲ. ಬೆಳಗ್ಗೆ ತೆಗೆದ ಬಾಗಿಲನ್ನು ನಮ್ಮವ್ವ ಹಾಕುತ್ತಿದ್ದುದು ಮಲಗುವಾಗಲೇ. ನಡುವೆ ಒಮ್ಮೆ ನಾನು ಓದಲಿಕ್ಕೆಂದು ಬಾಗಿಲು ಮುಂದೆ ಮಾಡಿಕೊಂಡದ್ದಕ್ಕೆ, "ಹಾಡಹಗಲ ಬಾಗಲ ಹಾಕ್ತೀಯಲ್ಲೋ, ಮಂದಿ ಏನ್ ತಿಳ್ಕೊಂಡಾರು?" ಎಂದು ಬೈದಿದ್ದಳು. ಅವಳು ಹೇಳಿ ಮುಗಿಸುವ ಮೊದಲೇ ಪಕ್ಕದ ಮನೆಯ ಅಜ್ಜಿ ಕೋಲೂರಿಕೊಂಡು ಬಂದು, "ಯಾಕವ್ವಾ, ಏನಾತು? ಯಾರಿಗೆ ಆರಾಮಿಲ್ಲ?" ಎಂದು ಕೇಳಿಯೂ ಆಗಿತ್ತು.

ತೆರೆದ ಬಾಗಿಲಿನಿಂದ ತೊಂದರೆ ಇರಲಿಲ್ಲವೆಂದಲ್ಲ. ಬಾದಾಮಿಯ ಮಂಗಗಳ ಬಗ್ಗೆ ನೀವು ಕೇಳಿಯೇ ಇರುತ್ತೀರಿ. ಅವು ಗುಡ್ಡದಿಂದ ಇಳಿದು ನೇರ ಅಡುಗೆಮನೆಗೆ ಬರುತ್ತಿದ್ದವು. ಒಂದು ದೊಡ್ಡ ಗಂಡುಮಂಗವಂತೂ ಬುಟ್ಟಿಯ ಮುಚ್ಚಳ ತೆಗೆದು ರೊಟ್ಟಿ ತೆಗೆದುಕೊಂಡು, ಮತ್ತೆ ಮುಚ್ಚಳ ಮುಚ್ಚಿ ಹೋಗುತ್ತಿತ್ತು. "ಮನಿ ಮಕ್ಕಳಿಗಿಲ್ಲದ ಶಿಸ್ತು ಅದಕ್ಕೈತಿ ನೋಡು," ಎಂದು ನಮ್ಮವ್ವ ನನಗೆ ಅದನ್ನು ತೋರಿಸಿ ಬುದ್ಧಿ ಹೇಳುತ್ತಿದ್ದಳು. ಮಂಗನನ್ನು ನೋಡಿ ಕಲಿ ಎಂದು ಹೇಳಿಸಿಕೊಂಡು ಬೆಳೆದವನು ನಾನು.

ನೀಲಾ ಇಳಕಲ್ಲಿನವಳು. ಅವರ ಓಣಿಯಲ್ಲಿ ಮನೆಗೊಂದು ಮಗ್ಗ. ಒಂದು ಮಗ್ಗದ ಸದ್ದು ನಿಂತರೆ ಸಾಕು, ಪಕ್ಕದ ಮನೆಯಿಂದ ಯಾರಾದರೂ ಬಂದು ಇಣುಕುವರು. ಅಲ್ಲಿ ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದುದು ಮುಂಬಾಗಿಲಿನಿಂದಲ್ಲ. ಮುಂಬಾಗಿಲು ಬೀಗರಿಗೆ, ವಸೂಲಿಯವರಿಗೆ, ನನ್ನಂಥ ಅಳಿಯಂದಿರಿಗೆ. ಬೇಕಾದವರೆಲ್ಲ ಬರುವುದು ಹಿತ್ತಲ ಬಾಗಿಲಿನಿಂದ. ಕೂಗು ಹಾಕುವುದು ಅಡುಗೆಮನೆ ಮುಟ್ಟಿದ ಮೇಲೆ. ಮದುವೆಯಾದ ಹೊಸತರಲ್ಲಿ ನಾನು ಅತ್ತೆಯ ಮನೆಯಲ್ಲಿ ಸ್ನಾನ ಮುಗಿಸಿ ಟವೆಲ್ಲಿನಲ್ಲಿ ಹೊರಬಂದರೆ ಒಲೆಯ ಮುಂದೆ ಓಣಿಯ ನಾಲ್ಕು ಜನ ಹೆಂಗಸರು ಕುಳಿತು ನನ್ನನ್ನು ನೋಡಿ, "ಅಳಿಯ ಭಾಳ ಸೊರಗ್ಯಾನಲ್ಲವಾ," ಎಂದು ಮಾತಾಡಿಕೊಂಡಿದ್ದರು. ನಾಚಿಕೆಯಿಂದ ನಾನು ಮತ್ತೆ ಬಚ್ಚಲಿಗೆ ಹೋಗಿ ಇನ್ನೊಂದು ಸಲ ಸ್ನಾನ ಮಾಡಿದ್ದೆ.

ಇಂಥ ನೀಲಾಳನ್ನು ತಂದು ನಾನು ತಂತಿಗೋಡೆಯೊಳಗೆ ಇಟ್ಟಿದ್ದೆ. ನಮ್ಮ ಮನೆಗೆ ಯಾರೇ ಬರಲಿ, ಬೀರಪ್ಪ ಫೋನು ಮಾಡಬೇಕು, ನಾವು ಹೂಂ ಅನ್ನಬೇಕು, ಕಂಬ ಏಳಬೇಕು. ಒಮ್ಮೆ ನೀಲಾಳ ಅಣ್ಣ ಇಳಕಲ್ಲಿನಿಂದ ಬಂದಾಗ ನನ್ನ ಫೋನು ಚಾರ್ಜಿಗೆ ಹಾಕಿತ್ತು, ಅವಳದು ದಿಂಬಿನ ಕೆಳಗಿತ್ತು. ಪಾಪ ಅವನು ಗೇಟಿನಲ್ಲಿ ಬೀರಪ್ಪನ ಸ್ಟೂಲಿನ ಮೇಲೆ ಕುಳಿತು, ಬೀರಪ್ಪನ ಬುತ್ತಿಯಲ್ಲಿ ಅರ್ಧ ಉಂಡು, ಬೀರಪ್ಪನ ಮಗಳಿಗೆ ಒಂದು ವರನನ್ನು ಸೂಚಿಸಿ, ಆಮೇಲೆ ಒಳಗೆ ಬಂದ. "ನಿಮ್ಮ ಮನಿಗಿಂತ ನಿಮ್ಮ ಗೇಟ ಛಲೋ ಐತಿ ನೋಡವಾ," ಎಂದ ತಂಗಿಗೆ.

ಬೀರಪ್ಪ ಮೊದಲು ಕುರಿ ಕಾಯುತ್ತಿದ್ದವನು. ಮೊಣಕಾಲು ನೋವು ಶುರುವಾದ ಮೇಲೆ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಇಲ್ಲಿ ಬಂದು ಕುಳಿತಿದ್ದ. "ಹೆಂಗನ್ನಿಸ್ತದ ಬೀರಪ್ಪಾ ಈ ಕೆಲಸ?" ಎಂದು ನಾನು ಕೇಳಿದರೆ, "ಭಾಳ ಸಲೀಸ್ರಿ ಸಾಹೇಬ್ರ. ಕುರಿ ತಪ್ಪಿಸ್ಕೊಂಡು ಬಾಜೂ ಹಿಂಡಿಗೆ ಹೋಗ್ತಿದ್ವು, ಹುಡುಕಿ ಹುಡುಕಿ ಸಾಕಾಗ್ತಿತ್ತು. ಇಲ್ಲಿ ಮಂದಿ ಬಾಜೂ ಮನಿಗೂ ಹೋಗಾಂಗಿಲ್ಲ," ಎಂದ. ಅವನು ಹೊಗಳಿದನೋ ಬೈದನೋ ನನಗೆ ತಿಳಿಯಲಿಲ್ಲ.

ಇಷ್ಟಾದರೂ ದಿನಗಳು ಹೇಗೋ ಉರುಳುತ್ತಿದ್ದವು. ಕೆಟ್ಟದ್ದು ಹೆಪ್ಪಿನಿಂದ.

ಆಷಾಢದ ಒಂದು ಸಂಜೆ, ಎಲ್ಲಿಂದಲೋ ಬಂದ ಬೆಕ್ಕು ನಮ್ಮ ಮೊಸರಿನ ಗಡಿಗೆಯನ್ನು ನೆಕ್ಕಿ ಒಣಗಿಸಿಬಿಟ್ಟಿತು. (ನಾಯಿ ಇಲ್ಲದ ಊರಿನಲ್ಲಿ ಬೆಕ್ಕಿನದೇ ದರ್ಬಾರು, ಇದನ್ನು ಮನೆ ಕೊಳ್ಳುವಾಗ ನಾನು ಯೋಚಿಸಿರಲಿಲ್ಲ.) ಕಾಸಿದ ಹಾಲು ಇದೆ, ಹೆಪ್ಪಿಗೆ ಮಾತ್ರ ಒಂದು ಹನಿ ಮೊಸರಿಲ್ಲ. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ, ಕೇಳುವುದೂ ಇಲ್ಲ. ಹೊತ್ತು ಮುಳುಗುತ್ತ ಬಂದಿತ್ತು. ನೀಲಾ ಒಂದು ಬಟ್ಟಲು ಹಿಡಿದುಕೊಂಡು, ಹಿಂದಿನ ಸೊಂಟದೆತ್ತರದ ಗೋಡೆ ದಾಟಿ, ಪಕ್ಕದ ಮನೆಯ ಹಿತ್ತಲ ಬಾಗಿಲಿನಿಂದ ಸೀದಾ ಅಡುಗೆಮನೆಗೆ ಹೋದಳು. ಇಳಕಲ್ಲಿನಲ್ಲಿ ಹುಟ್ಟಿದಾಗಿನಿಂದ ಹಾಗೇ ಹೋದವಳು. ಕಾಲಿಗೆ ಅದೇ ದಾರಿ ಗೊತ್ತು.

ಪಕ್ಕದ ಮನೆಯಲ್ಲಿ ಇದ್ದವರು ನಮ್ಮ ಲೇಔಟ್ ಸಂಘದ ಕಾರ್ಯದರ್ಶಿಗಳು, ಅವರ ತಾಯಿ ಮತ್ತು ಹೆಂಡತಿ ಸವಿತಾ. ಸವಿತಾ ಮಿಕ್ಸಿಯಲ್ಲಿ ಏನೋ ರುಬ್ಬುತ್ತಿದ್ದಳಂತೆ, ಕಾಲ ಸದ್ದು ಕೇಳಿಲ್ಲ. ತಿರುಗಿ ನೋಡಿದರೆ ಬೆನ್ನ ಹಿಂದೆ ಬಟ್ಟಲು ಹಿಡಿದ ಗುರುತಿಲ್ಲದ ಹೆಂಗಸು. ಅವಳು ಕಿಟಾರನೆ ಕಿರುಚಿದಳು. ಅವಳು ಕಿರುಚಿದ್ದಕ್ಕೆ ನೀಲಾ ಕಿರುಚಿದಳು. ಬಂದ ದಾರಿಯಲ್ಲೇ ಗೋಡೆ ಹಾರಿ ಮನೆ ಸೇರಿದಳು. ಆಮೇಲೆ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಸುಮ್ಮನೆ ಕುಳಿತಳು, ನನಗೆ ಏನೂ ಹೇಳಲಿಲ್ಲ.

ನಾನು ಮುಂದಿನ ಕೋಣೆಯಲ್ಲಿ ಮೊಬೈಲು ನೋಡುತ್ತಿದ್ದೆ. ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ಕಾರ್ಯದರ್ಶಿಗಳ ಸಂದೇಶ ಬಂತು: "ಎಲ್ಲರ ಗಮನಕ್ಕೆ. ಅಪರಿಚಿತ ಮಹಿಳೆಯೊಬ್ಬಳು ಹಿಂದಿನಿಂದ ನಮ್ಮ ಅಡುಗೆಮನೆಗೆ ನುಗ್ಗಿದ್ದಾಳೆ. ಕೈಯಲ್ಲಿ ಪಾತ್ರೆ ಇದೆ. ದಯವಿಟ್ಟು ಎಲ್ಲರೂ ಎಚ್ಚರದಿಂದಿರಿ." ಕೆಳಗೆ ಅವರ ಕ್ಯಾಮೆರಾ ಹಿಡಿದ ಫೋಟೊ. ಗೋಡೆಯ ಮೇಲೆ ಒಂದು ಕಾಲು ಇಟ್ಟು, ಸೀರೆ ಎತ್ತಿ ಹಿಡಿದು, ಬೆನ್ನು ಮಾಡಿ ಹಾರುತ್ತಿರುವ ಒಬ್ಬ ಗಟ್ಟಿಮುಟ್ಟಾದ ಹೆಂಗಸು. ನೋಡಿ ನನ್ನ ರಕ್ತ ಕುದಿಯಿತು. ಇಂಥವರಿಗಾಗಿಯೇ ಅಲ್ಲವೇ ನಾವು ಗೇಟಿನೊಳಗೆ ಬಂದದ್ದು! ಎಲ್ಲರಿಗಿಂತ ಮೊದಲು ನಾನೇ ಉತ್ತರ ಬರೆದೆ: "ಇಂಥವರ ಮೇಲೆ ಕೂಡಲೇ ಕಠಿಣ ಕ್ರಮ ಆಗಬೇಕು." ಜೊತೆಗೆ ಎರಡು ಹೆಬ್ಬೆರಳು.

ಆಮೇಲೆ ಮೊಬೈಲನ್ನು ಎತ್ತಿಕೊಂಡು ನೀಲಾಳಿಗೆ ತೋರಿಸಲು ಹೋದೆ. "ನೋಡಿಲ್ಲಿ, ಎಂಥಾ ಧೈರ್ಯದ ಹೆಂಗಸು!"

ಅವಳು ಫೋಟೊ ನೋಡಿದಳು. ನನ್ನ ಉತ್ತರ ಓದಿದಳು. ಮತ್ತೆ ಫೋಟೊ ನೋಡಿದಳು.

"ಇದು ಯಾರಂತ ನಿಮಗ ಖರೇನ ಗೊತ್ತಾಗಲಿಲ್ಲೇನ್ರಿ?"

ಆಗ ನಾನು ಸೀರೆಯ ಅಂಚು ನೋಡಿದೆ. ಆ ಸೀರೆ ನಾನೇ ತಂದದ್ದು. ಮುಂದೆ ಏನಾಯಿತು ಎಂದು ನಾನು ಬರೆಯುವುದಿಲ್ಲ. ಮದುವೆಯಾದವರಿಗೆ ಗೊತ್ತಾಗುತ್ತದೆ, ಆಗದವರು ತಿಳಿದು ಮಾಡುವುದೇನೂ ಇಲ್ಲ.

ಗ್ರೂಪಿನಲ್ಲಿ ವಿಷಯ ತಿಳಿಸುತ್ತೇನೆಂದರೆ ಅವಳು ಬಿಡಲಿಲ್ಲ. "ಬ್ಯಾಡ. ಕಳ್ಳಿ ಯಾರು ಅಂತ ಗೊತ್ತಾಗದ ಇರೂದ ಛಲೋ." ಮರುದಿನ ಹಾಲು ತರಲು ಹೋದಾಗ ಬೀರಪ್ಪ ತನ್ನ ಮೊಬೈಲಿನಲ್ಲಿ ಅದೇ ಫೋಟೊವನ್ನು ಅವಳಿಗೇ ತೋರಿಸಿ, "ಹುಷಾರ್ರಿ ಅಕ್ಕಾರ, ಇಂಥಾ ಒಬ್ಬಾಕಿ ಒಳಗ ಅಡ್ಡಾಡಾಕತ್ಯಾಳಂತ," ಎಂದನಂತೆ. ಅವಳು ಹಾಲಿನ ಪಾಕೀಟು ಹಿಡಿದು ಮನೆಗೆ ಬಂದವಳು ಕಣ್ಣೊರೆಸಿಕೊಂಡಳು. ಅಲ್ಲಿಯವರೆಗೆ ನನಗೆ ಇದೆಲ್ಲ ನಗೆಯ ವಿಷಯವಾಗಿತ್ತು. ಅವತ್ತು ನಗೆ ಬರಲಿಲ್ಲ.

ಆ ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಹೇಳಿದಳು: "ನೋಡ್ರಿ, ನಾ ಜಗಳಾ ಮಾಡೂದಿಲ್ಲ. ಫೋನ್ ಮಾಡಲಾರದ, ಕರೀಲಾರದ, ನಾ ಸುಮ್ನ ಎದ್ದು ಹೋಗುವಂಥಾ ಒಂದ ಮನಿ ಬೇಕು ನನಗ. ಹತ್ತ ಬ್ಯಾಡ. ಒಂದ. ಪಂಚಮಿ ಮಟಾ ನೋಡ್ತೇನಿ. ಆಗಲಿಲ್ಲಂದ್ರ ಇದನ್ನ ಬಾಡಿಗಿಗೆ ಕೊಟ್ಟು ಇಳಕಲ್ಲಿಗೆ ಹೋಗೂನು."

ನೀಲಾ ಹೆದರಿಸುವ ಪೈಕಿ ಅಲ್ಲ. ಹೇಳಿದರೆ ಮಾಡುವವಳು. ನನಗೆ ಗೇಟು, ಸಲಾಮು, ನಾಯಿಯಿಲ್ಲದ ರಸ್ತೆ, ಸಾಯಂಕಾಲದ ತಿರುಗಾಟ ಎಲ್ಲ ಕೈಬಿಟ್ಟು ಹೋಗುವುದು ಕಣ್ಣಿಗೆ ಕಟ್ಟಿತು. ಅದಕ್ಕಿಂತ ಹೆಚ್ಚಾಗಿ, ಅವಳು ಕೇಳಿದ್ದು ಬಂಗಾರವಲ್ಲ, ಬೆಳ್ಳಿಯಲ್ಲ, ಒಂದು ಮನೆಯ ಹಿತ್ತಲ ಬಾಗಿಲು. ಅಷ್ಟನ್ನೂ ಕೊಡಿಸಲಾರದೆ ಹೋದೆನಲ್ಲ ಎಂದು ಬೇಸರವಾಯಿತು.

ನನ್ನ ಕೈಲಾದದ್ದು ಮಾಡಿದೆ. ತಿರುಗಾಡುವಾಗ ಎದುರಾದವರಿಗೆಲ್ಲ, "ಊಟಾತ್ರಿ?" ಎಂದು ಕೇಳಲು ಶುರು ಮಾಡಿದೆ. ಕಿವಿಗೆ ಮೊಬೈಲಿನ ಹಾಡು ಕೇಳುವ ಬಳ್ಳಿ ಹಾಕಿಕೊಂಡವರು ಒಂದು ಕಿವಿಯಿಂದ ಅದನ್ನು ಕಿತ್ತು, "ಏನ್ರಿ?" ಎನ್ನುವರು. "ಊಟಾತ?" ಎಂದರೆ, ಕೈಗಡಿಯಾರ ನೋಡಿಕೊಂಡು, "ಇನ್ನೂ ಆರು ಗಂಟಿರಿ," ಎಂದು ಮುಂದೆ ಹೋಗುವರು. ನವನಗರದಲ್ಲಿ ನನ್ನ ಪರಿಚಯದ ಒಬ್ಬ ಹಿರಿಯರಿದ್ದಾರೆ. ಅಣೆಕಟ್ಟಿನ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಅವರ ಓಣಿ ಖಾಲಿಯಾದಾಗ, ಒಂದೇ ಓಣಿಯವರು ನಾಲ್ಕು ಸೆಕ್ಟರುಗಳಿಗೆ ಚದುರಿದರಂತೆ. ಅವರನ್ನು ಹೋಗಿ ಕೇಳಿದೆ, ನೀವು ಹೇಗೆ ಮಾಡಿದಿರಿ ಎಂದು. "ಏನ್ ಮಾಡೂದು, ಮದ್ಲ ಮದ್ಲ ಹಳೇ ಮಂದೀನ ಹುಡಿಕ್ಕೊಂಡು ಸೆಕ್ಟರ್ ಸೆಕ್ಟರ್ ಅಡ್ಡಾಡಿದ್ವಿ. ಆಮ್ಯಾಲೆ ಕಾಲು ನೋವಾಗಿ, ಬಾಜೂದವ್ರ ಕೂಡ ಮಾತಾಡಿದ್ವಿ," ಎಂದರು. ನಮ್ಮ ಲೇಔಟಿನವರ ಕಾಲು ನೋಯಲೆಂದು ಹಾರೈಸುವುದು ಸರಿಯಲ್ಲ ಎಂದು ಸುಮ್ಮನಾದೆ.

ಶ್ರಾವಣ ಬಂತು. ಪಂಚಮಿಗೆ ಮೊದಲು ನಮ್ಮಲ್ಲಿ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು, ಗುರೆಳ್ಳು ಚಟ್ನಿ ಎಲ್ಲ ಮಾಡಿ ಓಣಿಯ ಮನೆಮನೆಗೆ ಬೀರುವುದು. ಅವರೂ ನಮಗೆ ಬೀರುತ್ತಾರೆ. ರಾತ್ರಿಯ ಹೊತ್ತಿಗೆ ಎಲ್ಲರ ಬುಟ್ಟಿಯಲ್ಲೂ ಮೊದಲಿನಷ್ಟೇ ರೊಟ್ಟಿ ಇರುತ್ತವೆ, ಆದರೆ ಒಂದೂ ತಮ್ಮ ಮನೆಯದಲ್ಲ. ಲೆಕ್ಕದ ಪ್ರಕಾರ ಇದರಿಂದ ಯಾರಿಗೂ ಏನೂ ಲಾಭವಿಲ್ಲ. ಆದರೂ ವರ್ಷವಿಡೀ ಮಾತು ಬಿಟ್ಟವರು ಅವತ್ತು ಒಬ್ಬರ ರೊಟ್ಟಿ ಒಬ್ಬರು ಮುರಿಯುತ್ತಿದ್ದರು.

ನೀಲಾ ಎರಡು ದಿನ ಮೊದಲೇ ತಟ್ಟಲು ಕುಳಿತಳು. "ಯಾರಿಗೆ ಇಷ್ಟು?" ಎಂದು ಕೇಳಿದೆ. "ಬೀರೂದು ನನ್ನ ಕೆಲಸ. ತಗೊಳ್ಳೂದು ಬಿಡೂದು ಅವ್ರ ಕೆಲಸ," ಎಂದಳು. ಅವಳು ಮತ್ತೆ ಮನೆಮನೆ ತಿರುಗಿ, ಮತ್ತೆ ಕ್ಯಾಮೆರಾದಲ್ಲಿ ಸಿಕ್ಕಿ, ಮತ್ತೆ ನಾನು ಹೆಬ್ಬೆರಳು ಒತ್ತುವಂತಾದೀತೆಂದು ಹೆದರಿ, ಗ್ರೂಪಿನಲ್ಲಿ ವಿನಯದಿಂದ ಬರೆದೆ: ರೊಟ್ಟಿ ಹಬ್ಬದ ರೊಟ್ಟಿ ಕೊಡುವುದಿದೆ, ಯಾವಾಗ ಬಂದರೆ ಅನುಕೂಲ? ಉತ್ತರಗಳು ಬಂದವು. ಎಲ್ಲವೂ ಸಭ್ಯವಾಗಿದ್ದವು. ಎಲ್ಲದರ ತಾತ್ಪರ್ಯ ಒಂದೇ: ಗೇಟಿನ ಹತ್ತಿರ ಪಾರ್ಸೆಲ್ ಇಡುವ ಕಪಾಟಿನಲ್ಲಿ ಇಡಿ, ಬಂದಾಗ ತೆಗೆದುಕೊಳ್ಳುತ್ತೇವೆ.

ನಾನು ಹಾಗೇ ಮಾಡಿದೆ. ನೀಲಾ ಸ್ನಾನಕ್ಕೆ ಹೋದದ್ದನ್ನು ನೋಡಿ, ಕಟ್ಟಿಟ್ಟ ರೊಟ್ಟಿ ಗಂಟುಗಳ ಮೇಲೆ ಮನೆಯ ಅಂಕಿ ಬರೆದು, ಬೂಟು, ಪುಸ್ತಕ, ಔಷಧಿಗಳ ಪಾರ್ಸೆಲ್ಲುಗಳ ನಡುವೆ ಸಾಲಾಗಿ ಜೋಡಿಸಿ ಬಂದೆ. ಬಹಳ ಜಾಣತನದ ಕೆಲಸ ಮಾಡಿದೆ ಎಂದೇ ಅಂದುಕೊಂಡಿದ್ದೆ.

ಸ್ನಾನ ಮುಗಿಸಿ ಬಂದವಳು ಖಾಲಿ ಬುಟ್ಟಿ ನೋಡಿದಳು, ಕೇಳಿದಳು, ನಾನು ಹೇಳಿದೆ.

"ರೊಟ್ಟಿ ಏನ್ ಕೊರಿಯರ್ ಏನ್ರಿ? ಕೈಲೆ ಕೊಟ್ಟು ಕೈಲೆ ತಗೋಬೇಕು! ಮಾರಿ ನೋಡಲಾರದ ಕೊಟ್ಟರ ಅದು ರೊಟ್ಟಿ ಬೀರೂದಲ್ಲ, ಭಿಕ್ಷಾ ಇಟ್ಟಂಗ!"

ಒದ್ದೆ ಕೂದಲಿಗೆ ಟವೆಲ್ಲು ಸುತ್ತಿದ್ದವಳು ಹಾಗೇ ಗೇಟಿಗೆ ನಡೆದಳು. ನಾನು ಬುಟ್ಟಿ ಹೊತ್ತು ಹಿಂದೆ ಹಿಂದೆ. ಕಪಾಟಿನಿಂದ ರೊಟ್ಟಿಗಳನ್ನೆಲ್ಲ ತೆಗೆದು ಬುಟ್ಟಿಗೆ ತುಂಬಿದಳು. ತುಂಬಿದ ಮೇಲೆ ಏನು ಮಾಡಬೇಕೆಂದು ತೋಚದೆ ಅಲ್ಲೇ ಬೀರಪ್ಪನ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಅವಳಿಗೆ ಅಳು ಬಂದದ್ದು ನನಗೆ ಗೊತ್ತಾಯಿತು. ಬೀರಪ್ಪನಿಗೂ ಗೊತ್ತಾಯಿತು.

"ಯಕ್ಕಾರ," ಎಂದ ಅವನು, "ನೀವು ಮಂದಿ ಮನಿಗೆ ಯಾಕ ಹೋಗ್ತೀರಿ? ಸಂಜಿಗೆ ಎಲ್ಲಾರೂ ಇಲ್ಲೇ ಬರ್ತಾರಲ್ರಿ. ಬಂದ್ರ, ನಾ ಎತ್ತಬೇಕಲ್ರಿ ಇದನ್ನ?" ಎಂದು ಕಂಬವನ್ನು ತಟ್ಟಿದ.

ಆ ಸಂಜೆ ಬೀರಪ್ಪ ಕಂಬವನ್ನು ಎತ್ತಲಿಲ್ಲ. ಮೊದಲ ಕಾರು ಬಂತು, ಹಾರ್ನು ಹೊಡೆಯಿತು. ಬೀರಪ್ಪ ಗಾಜಿನ ಹತ್ತಿರ ಹೋಗಿ, "ರೊಟ್ಟಿ ತಗೊಂಡು ಹೋಗ್ರಿ ಸಾಹೇಬ್ರ. ಕೈಲೆನ ತಗೋಬೇಕಂತ್ರಿ," ಎಂದ. ಗಾಜು ಇಳಿಯಿತು. ನೀಲಾ ರೊಟ್ಟಿ ಕೊಟ್ಟಳು. ಅಷ್ಟರಲ್ಲಿ ಹಿಂದೆ ಎರಡನೆಯ ಕಾರು, ಮೂರನೆಯದು, ಸ್ಕೂಟರುಗಳು. ಯಾಕೆ ನಿಂತಿದೆ ಎಂದು ನೋಡಲು ಜನ ಇಳಿ ಇಳಿದು ಬಂದರು. ಟೋಲ್ ನಾಕಾದ ಹಾಗೆ ಸಾಲು ಹತ್ತಿತು. "ನೀವೂ ಇಲ್ಲೇ ಇರ್ತೀರೇನ್ರಿ? ನಾವು ನಿಮ್ಮ ಎದುರಿನ ಮನಿ," ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವುದು ಕೇಳಿಸಿತು. ಒಬ್ಬ ಹೆಂಗಸು ಅಲ್ಲೇ ನಿಂತು ಸಜ್ಜಿ ರೊಟ್ಟಿಯ ತುದಿ ಮುರಿದು ಬಾಯಿಗೆ ಹಾಕಿಕೊಂಡು, "ನಮ್ಮವ್ವ ಮಾಡಿದಂಗ ಐತ್ರಿ," ಎಂದಳು. ಅವಳ ಗಂಡ ಕಾರಿನಿಂದಲೇ, "ನನಗೂ ಕೊಡಽ," ಎಂದ.

ಕಾರ್ಯದರ್ಶಿಗಳ ಕಾರು ಬಂದಾಗ ನಾನು ಬೀರಪ್ಪನ ಹಿಂದೆ ಸರಿದು ನಿಂತೆ. ಬನಶಂಕರಿ ದರ್ಶನಕ್ಕೆ ಚೊಳಚಗುಡ್ಡಕ್ಕೆ ಹೋಗಿ ಬಂದಿದ್ದರು. ಕಾರಿನಿಂದಿಳಿದು, "ಏನ್ ನಡದೈತಿ ಬೀರಪ್ಪಾ? ಗೇಟ ಹಿಂಗ ಬಂದ್ ಮಾಡಂಗಿಲ್ಲ," ಎನ್ನುವಷ್ಟರಲ್ಲಿ ಹಿಂದಿನಿಂದ ಸವಿತಾ ಇಳಿದಳು. ನೀಲಾ ರೊಟ್ಟಿ ಹಿಡಿದು ಮುಂದೆ ಬಂದಳು. ಸವಿತಾ ಕೈಯೊಡ್ಡಿದವಳು ಮುಖ ನೋಡಿ ಹಾಗೇ ನಿಂತಳು.

"ಅಕ್ಕಾರ... ಅವತ್ತ ಬಂದಾಕಿ ನೀವ ಏನ್ರಿ?"

"ನಾನವಾ. ಹೆಪ್ಪ ಕೇಳಾಕ ಬಂದಿದ್ದೆ."

"ಹೆಪ್ಪು!" ಎಂದು ಸವಿತಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳ ಕಣ್ಣು ತುಂಬಿ ಬಂದವು. "ತಪ್ಪಾತ್ರಿ," ಎಂದಷ್ಟೇ ಹೇಳಿ, ಕೈಯಲ್ಲಿದ್ದ ದೇವಿಯ ಕಾಯಿಯ ಹೋಳನ್ನು ನೀಲಾಳ ಬುಟ್ಟಿಗೆ ಹಾಕಿ, ರೊಟ್ಟಿ ಎದೆಗವಚಿಕೊಂಡು ಕಾರು ಹತ್ತಿದಳು. ಕಾರ್ಯದರ್ಶಿಗಳು ಒಮ್ಮೆ ನೀಲಾಳನ್ನು, ಒಮ್ಮೆ ನನ್ನನ್ನು ನೋಡಿದರು. ಅವರಿಗೆ ನನ್ನನ್ನು ಏನೋ ಕೇಳಬೇಕೆನ್ನಿಸಿತ್ತು. ಸಭ್ಯರು, ನುಂಗಿಕೊಂಡರು. ಕಂಬ ಎದ್ದಿತು.

ಮನೆಗೆ ಬಂದು ನಾನು ಗೆದ್ದವನ ಹಾಗೆ, "ಆತಲ್ಲ? ಎಲ್ಲಾರೂ ತಗೊಂಡ್ರು," ಎಂದೆ. ನೀಲಾ ಖಾಲಿ ಬುಟ್ಟಿ ಕೊಡವುತ್ತ ಹೇಳಿದಳು: "ತಗೊಂಡ್ರು ಖರೆ. ಬಾ ಅಂತ ಒಬ್ಬರೂ ಅನ್ನಲಿಲ್ಲಲ್ರಿ."

ಮರುದಿನ ಚೌತಿ. ಯಾರೂ ಬರಲಿಲ್ಲ. ಅದರ ಮರುದಿನ ಪಂಚಮಿ. ಬೆಳಗ್ಗೆಯೇ ಅವಳು ಅಣ್ಣನಿಗೆ ಫೋನು ಮಾಡಿ ಇಳಕಲ್ಲಿನ ಮನೆಯ ಮೇಲಿನ ಕೋಣೆ ಖಾಲಿ ಇದೆಯೇ ಎಂದು ವಿಚಾರಿಸಿದ್ದು ನನ್ನ ಕಿವಿಗೆ ಬಿತ್ತು. ನಾನು ಸ್ನಾನ ಮಾಡಿ, ಬರೀ ಬನಿಯನ್-ಲುಂಗಿಯಲ್ಲಿ ಅಡುಗೆಮನೆಯಲ್ಲಿ ಕುಳಿತು ಶೇಂಗಾ ಉಂಡಿ ತಿನ್ನುತ್ತಿದ್ದೆ. ದುಃಖದಲ್ಲಿ ನನಗೆ ಹಸಿವು ಹೆಚ್ಚು. ಇಳಕಲ್ಲಿನ ನಾಯಿಗಳು ಹೇಗಿರಬಹುದೆಂದು ಯೋಚಿಸುತ್ತಿರುವಾಗ ಹಿತ್ತಲ ಬಾಗಿಲು ದೂಡಿಕೊಂಡು ಯಾರೋ ಒಳಗೇ ಬಂದುಬಿಟ್ಟರು.

"ಯಾರದು!" ಎಂದು ನಾನು ಕಿರುಚಿದೆ. ಬಾಯಲ್ಲಿದ್ದ ಉಂಡಿ ನೆತ್ತಿಗೇರಿ ಕೆಮ್ಮು ಹತ್ತಿತು.

"ನಾನ್ರಿ ಕಾಕಾರ," ಎಂದಳು ಸವಿತಾ. ನನ್ನ ಹೆಂಡತಿಯನ್ನು ಅಕ್ಕ ಮಾಡಿಕೊಂಡವಳು ನನ್ನನ್ನು ಕಾಕಾ ಮಾಡಿದ್ದಳು. ಅದನ್ನು ತಿದ್ದುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವಳು ನನ್ನನ್ನು ದಾಟಿ ನೀಲಾಳ ಹತ್ತಿರ ಹೋಗಿ, "ಅಕ್ಕಾರ, ನಮ್ಮತ್ತಿ ಚೌತಿಗೇ ತವರಮನಿಗೆ ಹೋಗ್ಯಾರ. ನಾಗಪ್ಪಗ ಹಾಲ ಹಾಕೂವಾಗ ಪಾಲ ಯಾರ್ಯಾರದು ಹೇಳಬೇಕ್ರಿ? ನನಗ ಅರ್ಧಾ ಮರ್ತೈತಿ. ಬರ್ರಿ ಜರಾ," ಎಂದು ಕೈ ಹಿಡಿದು ಎಳೆದಳು.

ನೀಲಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೆಮ್ಮುತ್ತಿದ್ದ ಗಂಡನಿಗೆ ಒಂದು ಲೋಟ ನೀರನ್ನೂ ಕೊಡದೆ ಎದ್ದು ಹೋದಳು. ಗೋಡೆಯನ್ನು ಅವತ್ತು ಇಬ್ಬರೂ ಕೂಡಿ ದಾಟಿದರು.

ನಾನು ನೀರು ಕುಡಿದು, ಅಂಗಿ ತೊಟ್ಟು, ಸ್ವಲ್ಪ ಹೊತ್ತು ಕಾದು, ತಡೆಯಲಾರದೆ ಗೋಡೆಯ ಹತ್ತಿರ ಹೋಗಿ ಇಣುಕಿದೆ. ಅವರ ಹಿತ್ತಲಲ್ಲಿ ಮಣ್ಣಿನ ನಾಗಪ್ಪ. ನಮ್ಮ ಕಡೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಹಾಕುತ್ತಾರೆ. ನೀಲಾ ಹೇಳಿಕೊಡುತ್ತಿದ್ದಳು, ಸವಿತಾ ಹಾಕುತ್ತಿದ್ದಳು.

"ದೇವರ ಪಾಲ."

"ದೇವರ ಪಾಲ."

"ಗುರುವಿನ ಪಾಲ. ಅಪ್ಪನ ಪಾಲ. ಅವ್ವನ ಪಾಲ. ಅಣ್ಣನ ಪಾಲ."

ಸವಿತಾ ಹೇಳುತ್ತ ಬಂದಳು. ಆಮೇಲೆ ತಾನಾಗಿಯೇ, "ಬಾಜೂ ಮನಿ ಅಕ್ಕನ ಪಾಲ," ಎಂದು ಒಂದು ಮಿಳ್ಳೆ ಹಾಲು ಹಾಕಿದಳು.

ನೀಲಾ ಸವಿತಾಳ ಕೈಯಿಂದ ಮಿಳ್ಳೆ ಇಸಿದುಕೊಂಡು, ನಾನು ಇಣುಕುವುದನ್ನು ಯಾವಾಗ ನೋಡಿದ್ದಳೋ ಏನೋ, ಗಟ್ಟಿಯಾಗಿ, ಇಡೀ ಲೇಔಟಿಗೆ ಕೇಳುವಂತೆ ಹೇಳಿದಳು:

"ಫೋಟೊದಾಗ ಹೇಣ್ತಿ ಗುರ್ತ ಹಿಡೀಲಾರದ ಗಂಡನ ಪಾಲ!"

ಸವಿತಾ ನಕ್ಕು ನಕ್ಕು ನೆಲಕ್ಕೆ ಕುಳಿತಳು. ಒಳಗಿನಿಂದ ಕಾರ್ಯದರ್ಶಿಗಳು ನಕ್ಕದ್ದೂ ಕೇಳಿಸಿತು. ಅವರಿಗೆ ಅವತ್ತು ಗೇಟಿನಲ್ಲಿ ಕೇಳಬೇಕೆನ್ನಿಸಿದ್ದಕ್ಕೆ ಉತ್ತರ ಸಿಕ್ಕಿತ್ತು. ನಾನು ಗೋಡೆಯ ಈಚೆ ಕೆಂಪಗಾಗಿ ನಿಂತಿದ್ದೆ. ನನ್ನ ಮಾನ ಹೋಗಿತ್ತು; ಮನೆ ಉಳಿದಿತ್ತು.